ಇಳಿಯುವ ನೀರು, ಕಾಯುವ ಕ್ಯಾಮೆರಾ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟವರಿಗೆ ನೆಲಮಂಗಲದಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ನೇರ ಸಾಗಿದರೆ ತುಮಕೂರು. ಎಡಕ್ಕೆ ಹೊರಳಿದರೆ ಕುಣಿಗಲ್, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡಲು. ಉದ್ದ ಮೂತಿಯ ಲೆನ್ಸನ್ನು ಹೆಗಲಿಗೇರಿಸಿದ ರಾಜಧಾನಿಯ ಹವ್ಯಾಸಿಗಳು ನೀರುಹಕ್ಕಿಗಳ ಚಿತ್ರ ಬೇಕೆಂದಾಗ ಸಾಮಾನ್ಯವಾಗಿ ಎಡದ ದಾರಿ ಹಿಡಿಯುತ್ತಾರೆ. ಅಳಿವೆಯ ಕೆಸರು, ಅಲೆಯ ಅಂಚು, ಸಾಲುಗಟ್ಟಿ ನಿಂತ ಕಡಲಹಕ್ಕಿಗಳು ಅವರನ್ನು ಮುನ್ನೂರು ಕಿಲೋಮೀಟರಿಗೂ ಆಚೆಗೆ ಸೆಳೆಯುತ್ತವೆ. ಆದರೆ ಅವರು ಅರಸಿ ಹೊರಟ ಬಳಗದ ಎಷ್ಟೋ ಹಕ್ಕಿಗಳು ಅದೇ ಹೊತ್ತಿನಲ್ಲಿ ಆ ಕವಲಿನ ಆಸುಪಾಸಿನ ಕೆರೆಗಳ ಅಂಚಿನಲ್ಲಿ ಕೊಕ್ಕು ಊರಿ ಹುಳು ಹೆಕ್ಕುತ್ತಿರುತ್ತವೆ ಎಂಬುದನ್ನು ಬಲ್ಲವರು ಕಡಿಮೆ.

ಸಮುದ್ರಮಟ್ಟದಿಂದ ಸುಮಾರು ಒಂಬತ್ತುನೂರು ಮೀಟರ್ ಎತ್ತರದ ಬಯಲುಸೀಮೆಗೂ ಕರಾವಳಿಯ ಅಳಿವೆಗೂ ಎತ್ತಣ ಸಂಬಂಧ? ಸಂಬಂಧ ಇರುವುದು ಕೆಸರಿನಲ್ಲಿ. ಇಂಗ್ಲಿಷಿನಲ್ಲಿ 'ವೇಡರ್' ಎಂದು ಕರೆಯುವ, ಕೆಸರಿನಲ್ಲಿ ನಡೆದು ಬದುಕುವ ಹಕ್ಕಿಗಳಿಗೆ ಉಪ್ಪುನೀರು, ಸಿಹಿನೀರು ಎಂಬ ಭೇದ ಅಷ್ಟಾಗಿ ಇಲ್ಲ. ಅವಕ್ಕೆ ಬೇಕಾದದ್ದು ತೆಳುವಾದ ನೀರು, ಅದರಡಿಯಲ್ಲಿ ಮೆದುವಾದ ಮಣ್ಣು, ಆ ಮಣ್ಣಿನೊಳಗೆ ಹುಳು, ಸೀಗಡಿ, ಕೀಟಗಳ ಮರಿ. ಗೊರವಗಳು, ಪ್ಲವರ್‌ಗಳು, ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ಅಂಗೈಯಷ್ಟೇ ಇರುವ ಸ್ಟಿಂಟ್‌ಗಳು, ನಮ್ಮ ಹೊಲಗದ್ದೆಗಳಲ್ಲಿ ಗದ್ದಲ ಎಬ್ಬಿಸುವ ಟಿಟ್ಟಿಭ, ಇವೆಲ್ಲ ಈ ಬಳಗಕ್ಕೆ ಸೇರಿದವು. ಕೊಕ್ಕರೆ, ಬೆಳ್ಳಕ್ಕಿಗಳು ಬೇರೆ ಕುಲದವಾದರೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುವ ನೆಂಟರು. ಇನ್ನು ಕಡಲಹಕ್ಕಿ ಎಂದು ನಾವು ಕರೆಯುವ ಗಲ್‌ಗಳೂ ಕಡಲಿಗೇ ಅಂಟಿಕೊಂಡವಲ್ಲ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಕಂದುತಲೆಯ ಗಲ್ ಮರಿ ಮಾಡುವುದು ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಅದು ಒಳನಾಡಿನ ದೊಡ್ಡ ಜಲಾಶಯಗಳಲ್ಲೂ ಕಾಣಿಸಿಕೊಳ್ಳುತ್ತದೆ. ರೀವ ಎಂದು ಹೆಸರಾದ ಟರ್ನ್‌ಗಳಲ್ಲಿ ಕೆಲವು ಅಲೆಗಳ ಮೇಲೆ ಹಾರಿದರೆ, ಕೆಲವು ಕೆರೆಗಳ ಮೇಲೆ ಸುತ್ತುತ್ತವೆ. ನದಿ ರೀವವಂತೂ ಕಾವೇರಿಯ ರಂಗನತಿಟ್ಟಿನ ಬಂಡೆಗಳ ಮೇಲೆಯೇ ಮೊಟ್ಟೆಯಿಡುತ್ತದೆ.

ಕರಾವಳಿಗೂ ಕೆರೆಗೂ ಇರುವ ನಿಜವಾದ ವ್ಯತ್ಯಾಸ ನೀರು ಇಳಿಯುವ ಗಡಿಯಾರದ್ದು. ಅಳಿವೆಯಲ್ಲಿ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಉತ್ತರ ಕನ್ನಡದವರು ಭರತ, ಇಳಿತ ಎಂದು ಕರೆಯುವುದು ಇದನ್ನೇ. ಚಂದ್ರನ ಸೆಳೆತಕ್ಕೆ ಕಟ್ಟುಬಿದ್ದ ಈ ಆಟ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ತಿಥಿಗೆ ಹೆಚ್ಚುಕಡಿಮೆ ಎರಡು ಘಳಿಗೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ನೆಲಮಂಗಲದ ಕೆರೆಗಳಲ್ಲಿ ಇದೇ ಏರಿಳಿತ ವರ್ಷಕ್ಕೊಮ್ಮೆ ನಡೆಯುತ್ತದೆ. ಮುಂಗಾರು, ಹಿಂಗಾರುಗಳಲ್ಲಿ ತುಂಬಿದ ಕೆರೆ ಪುಷ್ಯ, ಮಾಘದಿಂದಾಚೆಗೆ ಅಂಗುಲ ಅಂಗುಲವಾಗಿ ಹಿಂದೆ ಸರಿಯುತ್ತದೆ. ಸರಿದಷ್ಟೂ ಹೊಸ ಕೆಸರು ತೆರೆದುಕೊಳ್ಳುತ್ತದೆ. ಸೈಬೀರಿಯಾ ಕಡೆಯಿಂದ ಬಂದ ಚಳಿಗಾಲದ ಅತಿಥಿಗಳು ಹಿಂದಿರುಗುವ ಮುನ್ನ ಮೈತುಂಬಿಸಿಕೊಳ್ಳಬೇಕಾದ ದಿನಗಳೂ ಅವೇ.

ಆದ್ದರಿಂದ ನೀರುಹಕ್ಕಿಗಳ ಚಿತ್ರ ತೆಗೆಯುವವನು ಮೊದಲು ಕಲಿಯಬೇಕಾದದ್ದು ನೀರಿನ ನಡೆಯನ್ನು. ಕ್ಯಾಮೆರಾದ ಪಾಠ ಆಮೇಲಿನದು. ಕೆರೆಯ ರಚನೆಯನ್ನೇ ನೋಡಿ. ಹಳ್ಳದ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿರುತ್ತಾರೆ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ನೀರು ಆಳ. ಎದುರು ತುದಿಯಲ್ಲಿ, ಹಳ್ಳ ಬಂದು ಸೇರುವ ಅಂಗಳದಲ್ಲಿ ನೀರು ತೆಳು. ಊರಿಗೆ ಬಂದ ಹೊಸಬ ಏರಿಯ ಮೇಲೆ ನಿಂತು ಕಣ್ಣು ಹಾಯಿಸುತ್ತಾನೆ. ಅವನಿಗೆ ಸಿಗುವುದು ನಡುನೀರಿನ ಬಾತುಗಳು ಮತ್ತು ನೀರುಕಾಗೆಗಳು ಮಾತ್ರ. ಕಾಲಾಡುವ ಹಕ್ಕಿಗಳೆಲ್ಲ ಆಚೆ ದಡದಲ್ಲಿ ಚುಕ್ಕೆಗಳಾಗಿರುತ್ತವೆ.

ಅಳಿವೆಯ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಣೆಕಟ್ಟೆಗೆ ಸಿಲುಕದೆ ಹರಿದು ಬರುವ ಈ ನದಿ ಕಡಲು ಸೇರುವಲ್ಲಿ ಚಿಪ್ಪಿನ ಹಾಸುಗಳು, ಕಾಂಡ್ಲಾ ಪೊದೆಗಳು, ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. 2024ರ ಜನವರಿಯಲ್ಲಿ ಇದಕ್ಕೆ ರಾಮ್‌ಸಾರ್ ಮನ್ನಣೆ ದೊರೆತದ್ದು ಪ್ರಕಟವಾಯಿತು. ಒಳನಾಡಿನ ಮಾಗಡಿ ಕೆರೆ ಮತ್ತು ಅಂಕಸಮುದ್ರಗಳ ಹೆಸರೂ ಜೊತೆಗೇ ಪಟ್ಟಿ ಸೇರಿತು. ರಂಗನತಿಟ್ಟಿಗೆ ಆ ಮನ್ನಣೆ 2022ರಲ್ಲೇ ಸಂದಿತ್ತು. ಇಂಥ ಅಳಿವೆಗಳಲ್ಲಿ ಇಳಿತದ ಹೊತ್ತು ಹಕ್ಕಿಗಳು ನೀರಿನ ಬೆನ್ನು ಹಿಡಿದು ದೂರ ದೂರ ಹೋಗುತ್ತವೆ. ಅವುಗಳ ಹಿಂದೆ ಕೆಸರಿನಲ್ಲಿ ನಡೆದವನಿಗೆ ದಕ್ಕುವುದು ಹಾರಿಹೋಗುವ ಬೆನ್ನುಗಳ ಚಿತ್ರ. ಬಲ್ಲವರು ಇಳಿತದಲ್ಲೇ ಒಂದು ಜಾಗ ಗೊತ್ತುಮಾಡಿಕೊಂಡು ಸುಮ್ಮನೆ ಕೂರುತ್ತಾರೆ. ನೀರು ಮರಳಿ ಏರತೊಡಗಿದಾಗ ಅದೇ ಹಕ್ಕಿಗಳನ್ನು ಹೆಜ್ಜೆಹೆಜ್ಜೆಯಾಗಿ ಅವರ ಮುಂದಕ್ಕೆ ತಂದು ನಿಲ್ಲಿಸುತ್ತದೆ.

ಬಂದೂಕಿನಿಂದ ಕ್ಯಾಮೆರಾಕ್ಕೆ

ಹಕ್ಕಿಯನ್ನು ಕೊಲ್ಲದೆ ಮನೆಗೆ ತರುವ ಈ ವಿದ್ಯೆಗೆ ನೂರಮೂವತ್ತು ವರ್ಷಗಳ ಇತಿಹಾಸವಿದೆ. 1892ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು ಮೊಟ್ಟೆಗಳಿದ್ದ ಗೂಡೊಂದರ ಚಿತ್ರ ತೆಗೆದರು. ಮೂರೇ ವರ್ಷಗಳಲ್ಲಿ ಅವರು ಹೊರತಂದ ಬ್ರಿಟಿಷ್ ಹಕ್ಕಿಗಳ ಗೂಡುಗಳ ಪುಸ್ತಕ ಪೂರ್ತಿ ಛಾಯಾಚಿತ್ರಗಳಿಂದಲೇ ಕೂಡಿತ್ತು. ಆಗಿನ ಕ್ಯಾಮೆರಾಗಳು ಮರದ ಪೆಟ್ಟಿಗೆಗಳು, ಬಿಂಬ ಮೂಡುತ್ತಿದ್ದುದು ಗಾಜಿನ ಫಲಕಗಳ ಮೇಲೆ. ದೂರದ ಹಕ್ಕಿಯನ್ನು ಹತ್ತಿರಕ್ಕೆಳೆಯುವ ಲೆನ್ಸುಗಳ ಬಳಕೆ ಇನ್ನೂ ವಿರಳವಾಗಿದ್ದ ಕಾರಣ ಮನುಷ್ಯನೇ ಹತ್ತಿರ ಹೋಗಬೇಕಿತ್ತು. 1900ರಲ್ಲಿ ಕೀರ್ಟನ್ ಸೋದರರು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯಲ್ಲಿ ಕೂತು ಹೊಲದ ಹಕ್ಕಿಗಳನ್ನು ಸೆರೆಹಿಡಿದರು. ಒಮ್ಮೆ ಒಳಗೆ ಕೂತವರ ಸಮೇತ ಆ ಎತ್ತು ಕಾಲು ಮೇಲೆ ಮಾಡಿ ಮಗುಚಿಕೊಂಡಿತಂತೆ. ನಗೆಪಾಟಲಿನ ಪ್ರಸಂಗವೇ ಸರಿ. ಆದರೆ ಮರೆಯಲ್ಲಿ ಕೂತು ಕಾಯುವ 'ಹೈಡ್' ಎಂಬ ಉಪಾಯದ ಬೇರು ಇರುವುದು ಇಂಥ ಪ್ರಯೋಗಗಳಲ್ಲಿಯೇ.

ನಮ್ಮಲ್ಲಿ ಆ ಕಾಲಕ್ಕೆ ಹಕ್ಕಿಯ ಅಧ್ಯಯನವೆಂದರೆ ಬಂದೂಕಿನ ಅಧ್ಯಯನ. ಕೈಯಲ್ಲಿ ಹಿಡಿದ ಹಕ್ಕಿ ಮಾತ್ರವೇ ಖಚಿತ ದಾಖಲೆ ಎಂಬ ನಂಬಿಕೆ ವಿಜ್ಞಾನಿಗಳಲ್ಲಿತ್ತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ ಮಾದರಿಗಳನ್ನು ಸಂಗ್ರಹಿಸುವುದೇ ಕ್ರಮವಾಗಿತ್ತು. ಅದೇ ಹೊತ್ತಿನಲ್ಲಿ ಅವರು ಶ್ರೀರಂಗಪಟ್ಟಣದ ಬಳಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡುಕಟ್ಟಿದ್ದನ್ನು ಕಂಡು ಅರಮನೆಯ ಗಮನಕ್ಕೆ ತಂದದ್ದು, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಎಲ್ಲರಿಗೂ ತಿಳಿದ ಕಥೆ.

ಸ್ವಾತಂತ್ರ್ಯಾನಂತರ ಕ್ಯಾಮೆರಾ ಹಿಡಿದ ಒಂದು ಪೀಳಿಗೆಯೇ ಕರ್ನಾಟಕದಲ್ಲಿ ಬೆಳೆಯಿತು. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ (1932-2017) ದೇಶದ ಹೊರಗೂ ಹೆಸರಾದರು. ಇ. ಹನುಮಂತರಾವ್ ಅವರ ಚಿತ್ರಗಳು ಪತ್ರಿಕೆಗಳ ಮೂಲಕ ಮನೆಮನೆ ತಲುಪಿದವು. ಸಂಡೂರಿನ ಎಂ.ವೈ. ಘೋರ್ಪಡೆ (1931-2011) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅಷ್ಟೇ ಶ್ರದ್ಧೆಯಿಂದ ಅವರು ಕಪ್ಪುಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಚಿತ್ರಿಸಿದರು. ಅದೇ ಸಂಡೂರಿನಲ್ಲಿ 1940ರ ದಶಕದಲ್ಲಿ ಕೆಲಸಕ್ಕಿದ್ದ ಎಂ. ಕೃಷ್ಣನ್ ಬಿಡಿಭಾಗಗಳನ್ನು ತಾವೇ ಜೋಡಿಸಿಕೊಂಡ ಭಾರಿ ಕ್ಯಾಮೆರಾಕ್ಕೆ 'ಸೂಪರ್ ಪಾಂಡೆರೋಸಾ' ಎಂದು ತಮಾಷೆಯ ಹೆಸರಿಟ್ಟಿದ್ದರು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಲೇಖನಿಯ ಜೊತೆಗೆ ಕ್ಯಾಮೆರಾವನ್ನೂ ಹಿಡಿದರು. ಹಕ್ಕಿಗಳನ್ನು ಕನ್ನಡದಲ್ಲಿ ಗುರುತಿಸಿ ಮಾತಾಡುವ ರೂಢಿ ಹಬ್ಬಲು ಅವರ ಪುಸ್ತಕಗಳು ದೊಡ್ಡ ಕಾರಣ.

ಈ ಹಿರಿಯರ ಸಾಧನೆಯನ್ನು ಇಂದಿನವರು ಅಳೆಯುವಾಗ ಒಂದು ಮಾತು ನೆನಪಿಡಬೇಕು. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರಗಳು ಮಾತ್ರ. ಫಿಲ್ಮಿನ ವೇಗ ಕಡಿಮೆ. ತೆಗೆದ ಚಿತ್ರ ಸರಿಬಂದಿದೆಯೇ ಎಂಬುದು ಪ್ರಯೋಗಶಾಲೆಯಿಂದ ಸ್ಲೈಡುಗಳು ಮರಳಿದ ಮೇಲಷ್ಟೇ ಗೊತ್ತಾಗುತ್ತಿತ್ತು. ಹೀಗಾಗಿ ಆ ಕಾಲದ ಹಕ್ಕಿ ಚಿತ್ರಗಳಲ್ಲಿ ಬಹುಪಾಲು ಗೂಡಿನ ಚಿತ್ರಗಳೇ. ಹಕ್ಕಿ ಖಂಡಿತ ಮರಳಿ ಬರುವ ಜಾಗ ಅದೊಂದೇ ಆಗಿತ್ತು. ಇಂದಿನ ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ, ಹಾರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಆದರೆ ಹಕ್ಕಿ ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂಬುದನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ಬೆಳಕು, ದೂರ, ತಾಳ್ಮೆ

ನೀರಿನ ಹಕ್ಕಿಗಳು ಛಾಯಾಗ್ರಾಹಕನಿಗೆ ಒಡ್ಡುವ ಮೊದಲ ಪರೀಕ್ಷೆ ಬೆಳಕಿನದು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ಜಗತ್ತೆಲ್ಲ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಕಪ್ಪು ಕೆಸರಿನ ನಡುವೆ ಬೆಳ್ಳಕ್ಕಿ ನಿಂತಿದೆ ಎನ್ನಿ. ಮಾಪಕ ಕೆಸರನ್ನು ನೋಡಿ ಬೆಳಕು ಸಾಲದೆಂದು ತೀರ್ಮಾನಿಸುತ್ತದೆ. ಫಲವಾಗಿ ಹಕ್ಕಿಯ ಗರಿಗಳೆಲ್ಲ ಕರಗಿ ಬರೀ ಬಿಳಿಯ ಮಚ್ಚೆ ಉಳಿಯುತ್ತದೆ. ಹೊಳೆಯುವ ನೀರಿನ ಎದುರು ನಿಂತ ಕಂದು ಗೊರವದ ವಿಷಯದಲ್ಲಿ ತಿರುವುಮುರುವು. ನೀರಿನ ಹೊಳಪಿಗೆ ಮೋಸಹೋದ ಮಾಪಕ ಹಕ್ಕಿಯನ್ನು ಕಪ್ಪು ನೆರಳಾಗಿಸುತ್ತದೆ. ಮೈ ಬಿಳಿ, ರೆಕ್ಕೆ ಕಪ್ಪಾದ ಮೆಟ್ಟುಗಾಲು ಹಕ್ಕಿಯಲ್ಲಿ ಎರಡು ಕಷ್ಟಗಳೂ ಒಟ್ಟಿಗೇ ಎದುರಾಗುತ್ತವೆ. ಬಿಳಿಯ ಗರಿಯ ವಿವರ ಉಳಿಯುವಂತೆ ಬೆಳಕನ್ನು ಕೊಂಚ ತಗ್ಗಿಸುವುದು ಅನುಭವಿಗಳ ದಾರಿ. ಕಪ್ಪಿನ ವಿವರವನ್ನು ಆಮೇಲೆ ಬೆಳಗಿಸಿಕೊಳ್ಳಬಹುದು, ಒಮ್ಮೆ ಕರಗಿಹೋದ ಬಿಳಿಯನ್ನು ಮರಳಿ ತರಲಾಗದು.

ಎರಡನೆಯದು ಹೊತ್ತು. ಕರ್ನಾಟಕದ ಕಡಲು ಪಡುವಣಕ್ಕಿದೆ. ಮುಂಜಾನೆ ದಡದಲ್ಲಿ ಕಡಲಿಗೆ ಮುಖಮಾಡಿ ಕೂತವನ ಬೆನ್ನ ಹಿಂದೆ ಸೂರ್ಯನಿರುತ್ತಾನೆ, ಎದುರಿನ ಹಕ್ಕಿಯ ಮೇಲೆ ಬೆಳಕು ತುಂಬಿ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ಹಕ್ಕಿಗಳೆಲ್ಲ ಹೊಂಬಣ್ಣದ ನೀರಿನ ಮೇಲಿನ ಕಪ್ಪು ಆಕೃತಿಗಳು. ನೋಡಲು ಚೆಂದ, ಗುರುತಿಸಲು ಕಷ್ಟ. ಕೆರೆಯಲ್ಲಾದರೆ ದಿಕ್ಕನ್ನು ಛಾಯಾಗ್ರಾಹಕನೇ ಆರಿಸಿಕೊಳ್ಳಬಹುದು. ಆದರೆ ಬಿಸಿಲೇರಿದ ಮೇಲೆ ಎರಡೂ ಕಡೆ ಒಂದೇ ಪಾಡು. ಕಾದ ಕೆಸರಿನಿಂದ ಮೇಲೇಳುವ ಬಿಸಿಗಾಳಿ ಬಿಂಬವನ್ನು ನಡುಗಿಸುತ್ತದೆ. ಎಷ್ಟು ಬೆಲೆಯ ಲೆನ್ಸಾದರೂ ಆ ನಡುಕವನ್ನು ತಡೆಯದು. ದೂರ ಹೆಚ್ಚಿದಷ್ಟೂ ನಡುಕ ಹೆಚ್ಚು.

ಮೂರನೆಯದು ಕಣ್ಣಿನ ಎತ್ತರ. ನಿಂತು ತೆಗೆದ ಚಿತ್ರದಲ್ಲಿ ಮೂವತ್ತು ಗ್ರಾಮಿನ ಆಸುಪಾಸಿನ ಸ್ಟಿಂಟ್ ಕೆಸರಿನ ಮೇಲೆ ಬಿದ್ದ ಒಣಗಿದ ಎಲೆಯಂತೆ ಕಾಣುತ್ತದೆ. ನೆಲಕ್ಕೆ ಮಲಗಿ ಅದರ ಕಣ್ಣಿನ ಮಟ್ಟದಲ್ಲಿ ಲೆನ್ಸನ್ನು ಇಟ್ಟಾಗ ಹಿಂದಿನ ದಡ ಮಸುಕಾಗುತ್ತದೆ, ಮುಂದಿನ ನೀರು ಕನ್ನಡಿಯಾಗುತ್ತದೆ, ಹಕ್ಕಿ ತನ್ನ ಲೋಕದ ನಡುವೆ ಎದ್ದು ನಿಲ್ಲುತ್ತದೆ. ಮಲಗಿದ ಮನುಷ್ಯ ಹಕ್ಕಿಗೆ ಅಷ್ಟಾಗಿ ಮನುಷ್ಯನಂತೆ ಕಾಣುವುದೂ ಇಲ್ಲ. ನೇರವಾಗಿ ಎದುರಿಗೆ ನಡೆದುಬರುವ ಆಕಾರವೇ ಅದಕ್ಕೆ ಬೇಟೆಗಾರ.

ಹಕ್ಕಿಯ ಮನಸ್ಸನ್ನು ಓದಲು ಸುಲಭದ ಅಕ್ಷರಮಾಲೆಯೊಂದಿದೆ. ತಲೆ ತಗ್ಗಿಸಿ ಮೇಯುತ್ತಿದ್ದರೆ ನೆಮ್ಮದಿ. ಮೇಯುವುದು ನಿಲ್ಲಿಸಿ ಕತ್ತು ಚಾಚಿದರೆ ಅನುಮಾನ. ಬಾಲ ಕುಲುಕಿ, ತಲೆ ಆಡಿಸಿ, ಒಂದೆರಡು ಹೆಜ್ಜೆ ದೂರ ಸರಿದರೆ ಎಚ್ಚರಿಕೆ. ಕೂಗಿದರೆ ಕಾಲ ಮೀರಿತು, ಮರುಕ್ಷಣ ಇಡೀ ಹಿಂಡು ಗಾಳಿಯಲ್ಲಿ. ಕತ್ತು ಮೇಲೆದ್ದ ಗಳಿಗೆಯಲ್ಲೇ ನಿಂತುಬಿಟ್ಟವನಿಗೆ ಹಕ್ಕಿ ಇನ್ನೊಂದು ಅವಕಾಶ ಕೊಡುತ್ತದೆ.

ಚಿತ್ರವೇ ಸಾಕ್ಷಿ

ಹಕ್ಕಿಯನ್ನು ಹಾರಿಸಿದರೆ ಏನು ಮಹಾ ನಷ್ಟ, ಮತ್ತೆ ಬಂದು ಕೂರುತ್ತದಲ್ಲ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ಹಕ್ಕಿಯ ಪ್ರಯಾಣದಲ್ಲಿದೆ. ನಮ್ಮ ಕರಾವಳಿಯಲ್ಲೂ ಆಗೊಮ್ಮೆ ಈಗೊಮ್ಮೆ ಕಾಣಸಿಗುವ ಪಟ್ಟೆಬಾಲದ ಗಾಡ್ವಿಟ್ ಜಾತಿಯ ಒಂದು ಎಳೆಯ ಹಕ್ಕಿ 2022ರ ಅಕ್ಟೋಬರಿನಲ್ಲಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ ಹನ್ನೊಂದು ದಿನಗಳಲ್ಲಿ ಹಾರಿತು. ಮೈಗೆ ಕಟ್ಟಿದ್ದ ಉಪಗ್ರಹ ಸಾಧನ ಇದನ್ನು ದಾಖಲಿಸಿತು. ಇಂಥ ಪ್ರಯಾಣಕ್ಕೆ ಇಂಧನ ಕೊಬ್ಬು, ಕೊಬ್ಬು ಬರುವುದು ಕೆಸರಿನಿಂದ. ಅಳಿವೆಯಲ್ಲಿ ಇಳಿತಕ್ಕೆ ಕೆಲವೇ ಗಂಟೆ ಮೇವಿನ ಅವಧಿ. ಭರತದ ಹೊತ್ತು ದಿಬ್ಬದ ಮೇಲೆ ಒತ್ತಾಗಿ ನಿಂತು ವಿಶ್ರಮಿಸುವ ಹಿಂಡನ್ನು 'ಹಾರುವ ಚಿತ್ರ'ಕ್ಕಾಗಿ ಎಬ್ಬಿಸಿದವನು ಅವುಗಳ ಬುತ್ತಿಯಿಂದ ಒಂದೊಂದೇ ತುತ್ತು ಕಸಿದಂತೆ. ಮುಂಗಾರಿನ ಬಿರುಗಾಳಿಗೆ ಸಿಕ್ಕು ದಡಕ್ಕೆ ಬಂದು ಬೀಳುವ ನಡುಗಡಲಿನ ಹಕ್ಕಿಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಉಡುಪಿ, ದಕ್ಷಿಣ ಕನ್ನಡದ ಮರಳದಂಡೆಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸಿಗುವ ಬೂಬಿ, ಸೂಟಿ ಟರ್ನ್‌ಗಳು ದಣಿದು ಸುಸ್ತಾದ ಹಕ್ಕಿಗಳು. ಅವಕ್ಕೆ ಬೇಕಾದದ್ದು ಕ್ಯಾಮೆರಾಗಳ ಸುತ್ತುಗೋಡೆಯಲ್ಲ, ಏಕಾಂತ.

ಹಾಗೆಂದು ಕ್ಯಾಮೆರಾವನ್ನು ದೂರಿ ಪ್ರಯೋಜನವಿಲ್ಲ. ಬಂದೂಕು ಮಾಡುತ್ತಿದ್ದ ಕೆಲಸವನ್ನು ಈಗ ರಕ್ತ ಸುರಿಸದೆ ಮಾಡುತ್ತಿರುವುದು ಅದೇ. ಕರಾವಳಿಯ ಮರಳು ಪ್ಲವರ್‌ಗಳನ್ನೇ ನೋಡಿ. ದೊಡ್ಡದು, ಸಣ್ಣದು ಎಂಬ ಎರಡು ಜಾತಿಗಳನ್ನು ಚಳಿಗಾಲದ ಬೂದು ಉಡುಪಿನಲ್ಲಿ ಬೇರ್ಪಡಿಸಲು ಕೊಕ್ಕಿನ ಉದ್ದ, ಕಾಲಿನ ಬಣ್ಣ, ತಲೆಯ ಆಕಾರಗಳನ್ನು ಸಾವಧಾನವಾಗಿ ಹೋಲಿಸಬೇಕು. ಬರಿಗಣ್ಣಿಗೆ ಸಿಗದ ಈ ಬಿಡುವನ್ನು ಚಿತ್ರ ಕೊಡುತ್ತದೆ. ಈಚಿನ ವರ್ಷಗಳಲ್ಲಿ ಸಣ್ಣ ಮರಳು ಪ್ಲವರನ್ನು ಟಿಬೆಟಿನದು, ಸೈಬೀರಿಯಾದ್ದು ಎಂದು ಮತ್ತೆ ಎರಡು ಜಾತಿಗಳಾಗಿ ವಿಂಗಡಿಸಿದಾಗ, ಹಳೆಯ ಚಿತ್ರಗಳನ್ನೆಲ್ಲ ಮತ್ತೊಮ್ಮೆ ಬಿಡಿಸಿ ನೋಡುವುದು ಸಾಧ್ಯವಾಯಿತು. ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ಹೆಸರನ್ನು ಹಾಗೆ ಮರುಪರೀಕ್ಷೆ ಮಾಡಲಾಗದು. ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಹಕ್ಕಿಗಳ ಕಾಲಿಗೆ ತೊಡಿಸುವ ಬಣ್ಣದ ಪಟ್ಟಿಗಳ ಮೇಲಿನ ಅಕ್ಷರಗಳನ್ನು ಓದುವುದಕ್ಕೂ ಉದ್ದ ಲೆನ್ಸೇ ನೆರವು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆಯ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಗುರುತು ಸಿಕ್ಕದ್ದು ಹೀಗೆಯೇ.

ಬೆಂಗಳೂರಿನ ಸುತ್ತಮುತ್ತಲ ಕೆರೆಗಳಿಗೆ ಇಂಥ ದಾಖಲೆಯ ಪರಂಪರೆ ಹೊಸದಲ್ಲ. 1970ರ ದಶಕದಿಂದ ಇಲ್ಲಿನ ಪಕ್ಷಿವೀಕ್ಷಕರ ಬಳಗ ಕೆರೆಯಿಂದ ಕೆರೆಗೆ ಅಲೆದು ಪಟ್ಟಿ ಬರೆಯಿತು. ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿ 1994ರಲ್ಲಿ ಪ್ರಕಟವಾಯಿತು. ನೆಲಮಂಗಲಕ್ಕೆ ಹತ್ತಿರದ ಹೆಸರಘಟ್ಟ ಈ ಬಳಗದ ಅಚ್ಚುಮೆಚ್ಚಿನ ತಾಣಗಳಲ್ಲೊಂದು. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ಈ ಕೆರೆ ಎಷ್ಟೋ ವರ್ಷ ಒಣಗಿ ಬಯಲಾಗಿದ್ದುದೂ ಉಂಟು. ಶಿವಗಂಗೆಯ ಕಡೆಯಿಂದ ಹರಿದು ಬರುವ ಕುಮುದ್ವತಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿ 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಸೊರಗಿದ್ದು ಮೇಲ್ಭಾಗದ ಕೆರೆ, ಕಾಲುವೆಗಳು ಸೊರಗಿದ್ದರಿಂದ.

ಕಾಲಡಿಯ ಮೊಟ್ಟೆ

ಬೇಸಿಗೆಯಲ್ಲಿ ಕೆರೆಯಂಗಳಕ್ಕಿಳಿಯುವ ಛಾಯಾಗ್ರಾಹಕ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಚಳಿಗಾಲದ ಅತಿಥಿಗಳು ಹೊರಟುಹೋದರೂ ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಸಣ್ಣ ಪ್ಲವರ್‌ಗಳು ಇಲ್ಲೇ ಉಳಿದು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಹುಲ್ಲುಕಡ್ಡಿಯ ಗೂಡೂ ಹೆಸರಿಗಷ್ಟೆ. ಮಣ್ಣಿನ ಹೆಂಟೆ, ಕಲ್ಲುಹರಳುಗಳ ನಡುವೆ ಚುಕ್ಕೆಯ ಮೊಟ್ಟೆಗಳು ಹಾಗೇ ಬಿದ್ದಿರುತ್ತವೆ. ಏಪ್ರಿಲ್ ಮಧ್ಯಾಹ್ನದ ನೆಲದ ಕಾವು ಮೊಟ್ಟೆಯನ್ನು ಬೇಯಿಸಿಬಿಡಬಲ್ಲದು. ಆಗ ತಾಯಿಹಕ್ಕಿಯ ಕೆಲಸ ಕಾವು ಕೊಡುವುದಲ್ಲ, ನೆರಳು ಕೊಡುವುದು. ಟಿಟ್ಟಿಭವಂತೂ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತದೆ. ಈ ಹೊತ್ತಿನಲ್ಲಿ ಅರ್ಧ ಗಂಟೆ ಗೂಡಿನ ಹತ್ತಿರ ಠಿಕಾಣಿ ಹೂಡಿದರೆ ಸಾಕು, ಆ ವರ್ಷದ ಸಂಸಾರ ಮುಗಿದಂತೆ. ಮನುಷ್ಯ ಎಲ್ಲಿ ಬಗ್ಗಿ ನೋಡಿದ ಎಂಬುದನ್ನು ಮರದ ಮೇಲಿನ ಕಾಗೆಯೂ ಗಮನಿಸುತ್ತಿರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಮಾಡುವುದೂ ಸೇರಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬಂದೂಕು ಹಿಡಿಯದವನೂ ಬೇಟೆಗಾರನಾಗಬಹುದು ಎಂದಾಯಿತು. ಹಿರಿಯರು ಗೂಡಿನ ಚಿತ್ರ ತೆಗೆದರಲ್ಲ ಎಂಬ ಸಮಜಾಯಿಷಿ ಇಂದು ನಿಲ್ಲುವುದಿಲ್ಲ. ಅವರ ಕಾಲದಲ್ಲಿ ಕ್ಯಾಮೆರಾಗಳು ಬೆರಳೆಣಿಕೆಯಷ್ಟಿದ್ದವು, ಒಂದು ಗೂಡಿನ ಮುಂದೆ ಒಬ್ಬನೇ ಕೂರುತ್ತಿದ್ದ. ಇಂದು ಒಂದು ಗೂಡಿನ ಸುದ್ದಿ ಹಬ್ಬಿದರೆ ಮರುದಿನ ಅದರೆದುರು ಸಾಲು ನಿಲ್ಲುತ್ತದೆ. ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿರುವುದು ಈ ಕಾರಣಕ್ಕೆ.

ತಟ್ಟೆಯಂಥ ಕೆರೆ, ಕೊಪ್ಪರಿಗೆಯಂಥ ಕೆರೆ

ಆದರೆ ಛಾಯಾಗ್ರಾಹಕ ಎಷ್ಟೇ ಸಜ್ಜನನಾದರೂ ಕೆಸರೇ ಇಲ್ಲದ ಕೆರೆಗೆ ಗೊರವ ಬಾರದು. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ, ದೇಶದಲ್ಲಿ ಹೆಚ್ಚು ಇಳಿಮುಖವಾಗಿರುವ ಗುಂಪುಗಳಲ್ಲಿ ವಲಸೆ ಬರುವ ದಂಡೆಹಕ್ಕಿಗಳನ್ನೂ ಹೆಸರಿಸಿತು. ಕರಾವಳಿಯ ಅಳಿವೆಗಳ ಮೇಲಿನ ಒತ್ತಡದ ಬಗ್ಗೆ ಆಗಾಗ ಚರ್ಚೆಯಾಗುತ್ತದೆ. ಒಳನಾಡಿನ ಕೆರೆಯಂಚಿನ ಬಗ್ಗೆ ಚರ್ಚೆ ಕಡಿಮೆ. ಏಕೆಂದರೆ ಅಲ್ಲಿ ನಷ್ಟ ಆಗುತ್ತಿರುವುದು ಅಭಿವೃದ್ಧಿಯ ಹೆಸರಿನಲ್ಲೇ.

ಹಿಂದೆ ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮೇಲ್ಪದರದ ಹೂಳು ಹೋಗುತ್ತಿತ್ತು, ಇಳಿಜಾರು ಹಾಗೆಯೇ ಉಳಿಯುತ್ತಿತ್ತು. ಕೆರೆ ತಟ್ಟೆಯ ಹಾಗೆ ಅಂಚಿನಲ್ಲಿ ತೆಳುವಾಗಿ, ಏರಿಯ ಕಡೆಗೆ ಆಳವಾಗಿ ಇರುತ್ತಿತ್ತು. ಈಗಿನ ಪುನಶ್ಚೇತನದ ಕೆಲಸಗಳಲ್ಲಿ ಅನೇಕ ಕಡೆ ಯಂತ್ರಗಳು ಅಂಚಿನಿಂದ ಅಂಚಿಗೆ ಒಂದೇ ಸಮನೆ ಆಳ ತೋಡುತ್ತವೆ. ಸುತ್ತ ಕಡಿದಾದ ದಂಡೆ, ಅದರ ಮೇಲೆ ನಡಿಗೆಯ ದಾರಿ. ನೀರು ತುಂಬಿದಾಗ ಕೊಪ್ಪರಿಗೆಯಂಥ ಈ ಕೆರೆ ನೋಡಲು ಸೊಗಸು, ಬಾತುಗಳಿಗೂ ಅಡ್ಡಿಯಿಲ್ಲ. ಆದರೆ ಕಾಲೂರಲು ಜಾಗ ಬೇಕಾದ ಹಕ್ಕಿಗೆ ಅಲ್ಲಿ ಒಂದು ಅಂಗುಲವೂ ಇಲ್ಲ.

ಎರಡನೆಯ ಬದಲಾವಣೆ ನೀರಿನದು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಒಣಕೆರೆಗಳಿಗೆ ತುಂಬಿಸುವ ಕೆಲಸ 2018ರಲ್ಲಿ ಕೋಲಾರದ ಕಡೆ ಆರಂಭವಾಯಿತು. ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲ ಸೀಮೆಯ ಕೆರೆಗಳಿಗೂ ಹರಿಸುವ ಯೋಜನೆ ರೂಪುಗೊಂಡಿತು. ಕೊಳವೆಬಾವಿಗಳು ಪಾತಾಳ ಮುಟ್ಟಿದ ನಾಡಿನಲ್ಲಿ ಕೆರೆ ತುಂಬುವುದನ್ನು ಬೇಡವೆನ್ನುವವರು ಯಾರು? ನೀರಿನ ಶುದ್ಧತೆಯ ಪ್ರಶ್ನೆ ಒಂದು ಕಡೆ ಇರಲಿ. ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿ ನಿಂತ ಕೆರೆಯಲ್ಲಿ ಏರಿಳಿತವೇ ಇರುವುದಿಲ್ಲ ಎಂಬುದನ್ನೂ ಯೋಚಿಸಬೇಕಾಗುತ್ತದೆ. ಇಳಿಯದ ನೀರು ಕೆಸರನ್ನು ತೆರೆಯದು, ಟಿಟ್ಟಿಭದ ಮೊಟ್ಟೆಗೆ ನೆಲವನ್ನೂ ಬಿಡದು.

ಎರಡಕ್ಕೂ ಪರಿಹಾರ ದುಬಾರಿಯದೇನಲ್ಲ. ಹಳ್ಳ ಬಂದು ಸೇರುವ ತುದಿಯ ಅಂಗಳವನ್ನು ತೋಡದೆ ಹಾಗೇ ಬಿಡುವುದು, ನಾಲ್ಕು ದಂಡೆಗಳಲ್ಲಿ ಒಂದನ್ನಾದರೂ ಓರೆಯಾಗಿ ಉಳಿಸುವುದು, ತುಂಬಿಸುವ ಕೆರೆಗಳಲ್ಲಿ ಕೆಲವನ್ನು ಬೇಸಿಗೆಗೆ ಇಳಿಯಗೊಡುವುದು. ಏರಿಯ ಕಡೆ ಆಳ ಹೆಚ್ಚಿಸಿ ಅಂಗಳವನ್ನು ಉಳಿಸಿದರೆ ರೈತನ ನೀರಿಗೂ ಕೊರತೆಯಾಗದು. ಇದನ್ನು ಕೇಳುವವರು ಮೊದಲು ಅಲ್ಲಿ ಹಕ್ಕಿ ಇತ್ತೆಂದು ತೋರಿಸಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಭಾವಚಿತ್ರದಷ್ಟು ನುಣುಪಾದ ಹಕ್ಕಿಯ ಮುಖ ಮಾತ್ರವಲ್ಲ, ಹಕ್ಕಿಯ ಜೊತೆಗೆ ಅದು ನಿಂತ ದಂಡೆ, ಹಿಂದಿನ ತೂಬು, ದೂರದ ಬೆಟ್ಟವೂ ಕಾಣುವ ಚಿತ್ರ. ಅದರಡಿಯಲ್ಲಿ ಕೆರೆಯ ಹೆಸರು, ತಾರೀಖು, ಎಣಿಸಿದ ಸಂಖ್ಯೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿ ಭಾರತದಲ್ಲಿ 1987ರಿಂದಲೂ ಸ್ವಯಂಸೇವಕರ ಬಲದಿಂದಲೇ ಸಾಗಿ ಬಂದಿದೆ. ಅಘನಾಶಿನಿಗೆ ಹೋಗಿಬರುವ ಹವ್ಯಾಸಿಗಳು ವರ್ಷಕ್ಕೊಂದು ಬೆಳಗ್ಗೆಯನ್ನು ತಮ್ಮೂರಿನ ಕೆರೆಯಂಗಳಕ್ಕೂ ಮೀಸಲಿಟ್ಟರೆ, ಮುಂದೊಂದು ದಿನ ತೋಡುವ ಯಂತ್ರ ಆ ದಡಕ್ಕೆ ಬಂದು ನಿಂತಾಗ ತೋರಿಸಲು ಒಂದು ಚಿತ್ರವಾದರೂ ಊರವರ ಕೈಯಲ್ಲಿರುತ್ತದೆ.